ಅಕ್ಕಲಕೋಟದಿಂದ ಸ್ಕಾಟ್ಲೆಂಡಿಗೆ ಒಬ್ಬಾಕೆ

ಪ್ರಭಾಕರನ ಕಾರ್ಡು ಬಂದ ದಿನವೇ ಅದನ್ನು ಹರಿದು ಒಲೆಗೆ ಹಾಕಿದ್ದರೆ ಈ ಪ್ರವಾಸವೂ ಇಲ್ಲ, ಈ ಬರಹವೂ ಇಲ್ಲ. ಪುಣೆಯ ಕಾಲೇಜಿನಲ್ಲಿ ನಾವಿಬ್ಬರೂ ಒಂದೇ ಕೋಣೆಯಲ್ಲಿದ್ದವರು. ನಾನು ಬಿಜಾಪುರದ ಹೈಸ್ಕೂಲಿನಲ್ಲಿ ಇಂಗ್ಲಿಷ್ ಮಾಸ್ತರನಾದೆ, ಅವನು ಸೊಲ್ಲಾಪುರದಲ್ಲಿ ಪಾಸ್ಟರನಾದ. "ಸ್ಕಾಟ್ಲೆಂಡಿನಿಂದ ಇಬ್ಬರು ಅತಿಥಿಗಳು ಬರುತ್ತಾರೆ. ಅಕ್ಕಲಕೋಟ ತಾಲೂಕಿನ ನಮ್ಮದೊಂದು ಸಣ್ಣ ಕ್ರೈಸ್ತ ಸಭೆಯ ಜೊತೆ ಹತ್ತು ವರ್ಷದ ಗೆಳೆತನದ ಒಪ್ಪಂದ ಮಾಡಿಕೊಳ್ಳುವವರಿದ್ದಾರೆ. ಅಲ್ಲಿಯ ಜನ ಕನ್ನಡದವರು, ನನಗೆ ಕನ್ನಡ ಬಾರದು. ನೀನು ಎರಡು ತಾಸು ಬಂದು ಮಾತು ತಿಳಿಸಿದರೆ ಸಾಕು" ಎಂದು ಬರೆದಿದ್ದ. ಎರಡು ತಾಸು! ಆ ಎರಡು ತಾಸಿಗೆ ನನ್ನ ನಾಲ್ಕು ದಿನ ಹೋದವು, ಹೆಡ್‌ಮಾಸ್ತರರ ಮುಖ ಇನ್ನೂ ನೆಟ್ಟಗಾಗಿಲ್ಲ.

ಬುಧವಾರ ಬೆಳಿಗ್ಗೆ ಬಿಜಾಪುರ ಬಿಟ್ಟೆ. ಮೀಟರ್‌ಗೇಜಿನ ಪ್ಯಾಸೆಂಜರು ಸೊಲ್ಲಾಪುರದ ತನಕದ ನೂರು ಚಿಲ್ಲರೆ ಕಿಲೋಮೀಟರಿಗೆ ಐದು ತಾಸು ತೆಗೆದುಕೊಂಡಿತು. ಭೀಮಾ ನದಿ ದಾಟುವ ಮುಂಚೆ ಯಾವ ಕಾರಣವೂ ಇಲ್ಲದೆ ಮುಕ್ಕಾಲು ತಾಸು ನಿಂತಿತು. ಫೆಬ್ರುವರಿ ಮುಗಿದಿರಲಿಲ್ಲ, ಬಿಸಿಲು ಆಗಲೇ ಏಪ್ರಿಲ್‌ನದು. ಇಳಿದಾಗ ನನ್ನ ಬಿಳಿ ಅಂಗಿ ಎಂಜಿನ್ನಿನ ಮಸಿಗೆ ಬೂದು ಬಣ್ಣಕ್ಕೆ ತಿರುಗಿತ್ತು.

ರಾತ್ರಿ ಉಳಿದದ್ದು ಸೋದರಮಾವನ ಮನೆಯಲ್ಲಿ. ಅವನದು ಚಾದರದ ವ್ಯಾಪಾರ. ಅಕ್ಕಲಕೋಟ ರಸ್ತೆಯ ಮಗ್ಗಗಳಿಂದ ಮಾಲು ತಂದು ಮಾರುತ್ತಾನೆ. ನಾನು ಬಂದ ಕಾರಣ ಕೇಳಿ ಗಾದಿಯ ಮೇಲೆ ಹೊರಳಾಡಿ ನಕ್ಕ.

"ಲಿಂಗಾ ಕಟಗೊಂಡಾಂವಾ ನೀನು, ಕಿರಿಸ್ತಾನರ ಪ್ರಾರ್ಥನಾ ಇಂಗ್ರಜಿಯೊಳಗ ಹೇಳಾಂವಾ? ನಿಮ್ಮವ್ವಗ ಗೊತ್ತೈತೇನು?"

"ಎರಡು ತಾಸಿನ ಕೆಲಸ, ಮಾಮಾ" ಎಂದೆ.

"ಆಗಲಿ. ಆ ಸಾಹೇಬರಿಗೆ ನಮ್ಮ ಅಂಗಡಿ ತೋರಸು. ಹತ್ತು ವರ್ಷದ ದೋಸ್ತಿ ಅಂದ್ರ ಚಾದರಾ ಬೇಕಾಗತಾವ" ಎಂದು ಅತ್ತೆಗೆ ಇನ್ನೊಂದು ಕಡಕ್ ರೊಟ್ಟಿ ಹಾಕಲು ಹೇಳಿದ. ಆ ಮನೆಯ ಶೇಂಗಾ ಹಿಂಡಿಗಾಗಿ ನಾನು ಇನ್ನೂ ಇಷ್ಟು ಬೈಸಿಕೊಳ್ಳಲು ತಯಾರು.

ಗುರುವಾರ ಏಳು ಗಂಟೆಗೆ ಎಸ್‌ಟಿ ಬಸ್ ಸ್ಟ್ಯಾಂಡಿನಲ್ಲಿ ಪ್ರಭಾಕರನ ಜೊತೆ ಅತಿಥಿಗಳು ಸಿಕ್ಕರು. ಗಿಲ್ಮೂರ್ ಸಾಹೇಬರು ಅರವತ್ತು ದಾಟಿದವರು, ಉದ್ದ, ಮೂಗಿನ ತುದಿ ಆಗಲೇ ಸುಟ್ಟು ಕೆಂಪಾಗಿತ್ತು. ಜೊತೆಗೆ ಮಿಸ್ ಬ್ಲೇರ್, ಸಣ್ಣ ಆಕೃತಿ, ಕೈಯಲ್ಲಿ ಕುದಿಸಿದ ನೀರಿನ ಥರ್ಮಾಸು. ಇಬ್ಬರೂ ತಮ್ಮ ಊರಿನ ಪ್ರೆಸ್ಬಿಟೇರಿಯನ್ ಸಭೆಯ ಹಿರಿಯರು. ಆ ಪಂಥದಲ್ಲಿ ಬಿಷಪ್ ಇಲ್ಲವಂತೆ. ಜನ ಆರಿಸಿದ ಹಿರಿಯರು ಸೇರಿ, ಚರ್ಚಿಸಿ, ಎಲ್ಲವನ್ನೂ ತೀರ್ಮಾನಿಸುತ್ತಾರಂತೆ. ಕೇಳಲು ಎಷ್ಟು ಚೆನ್ನಾಗಿದೆ! ಅರ್ಧ ದಿನ ಅವರೊಂದಿಗೆ ತಿರುಗಿದ ಮೇಲೆ ಒಬ್ಬ ಬಿಷಪ್ ಇದ್ದಿದ್ದರೆ ವಾಸಿಯಿತ್ತು ಅನ್ನಿಸಿತು. ಕಿಟಕಿ ತೆರೆಯಬೇಕೋ ಮುಚ್ಚಬೇಕೋ ಎನ್ನುವುದಕ್ಕೂ ಅವರಿಬ್ಬರ ನಡುವೆ ವಿಚಾರ ವಿನಿಮಯ ಆಗಬೇಕು. ಏನು ಕೇಳಿದರೂ "ಸಮಿತಿಗೆ ತಿಳಿಸುತ್ತೇವೆ" ಎಂಬುದೇ ಉತ್ತರ.

ಗುರುವಾರವೆಂದರೆ ಅಕ್ಕಲಕೋಟದ ಬಸ್ಸು ಹತ್ತುವುದು ಕುಸ್ತಿಯ ಮಾತು. ಅಂದು ಅಲ್ಲಿಯ ಸ್ವಾಮಿಗಳ ಗುಡಿಯ ದರ್ಶನಕ್ಕೆ ಹೊರಟವರೆಲ್ಲ ಟವೆಲು, ಟೋಪಿ, ಕೂಸುಗಳನ್ನು ಕಿಟಕಿಯಿಂದಲೇ ಒಳಗೆ ಹಾಕಿ ಜಾಗ ಹಿಡಿಯುತ್ತಾರೆ. ನಮ್ಮ ಅತಿಥಿಗಳು ಬಾಗಿಲಿಗೆ ಮೂರು ಮಾರು ದೂರದಲ್ಲಿ ಸಾಲು ಮಾಡಿ ನಿಂತರು. ಇಬ್ಬರ ಸಾಲು. ಹಿಂದೆ ಯಾರೂ ಇಲ್ಲ. ನಾನು ಕೈ ಹಿಡಿದು ಎಳೆದೆ. "ಅವರೆಲ್ಲ ನಮಗಿಂತ ಮೊದಲು ಬಂದವರು" ಎಂದು ಗಿಲ್ಮೂರ್ ನನಗೇ ತಿಳಿಹೇಳಿದರು. ಎರಡು ಬಸ್ಸು ಕಣ್ಣೆದುರೇ ಹೋದವು. ಮೂರನೆಯದಕ್ಕೆ ಪ್ರಭಾಕರ ತನ್ನ ಬೈಬಲ್ಲನ್ನೇ ಕಿಟಕಿಯಿಂದ ಸೀಟಿಗೆ ಎಸೆದ, ಹಾಗೆ ಜಾಗ ಸಿಕ್ಕಿತು. ನಾಲ್ಕು ಟಿಕೆಟ್ಟಿಗೆ ಏಳೂವರೆ ರೂಪಾಯಿ, ಮೂವತ್ತೆಂಟು ಕಿಲೋಮೀಟರಿಗೆ ಎರಡು ತಾಸು. ಅಕ್ಕಲಕೋಟದಿಂದ ಮುಂದೆ ವಾಗದರಿಯ ಕಡೆಗೆ ಒಂದು ಬಾಡಿಗೆ ಜೀಪು. ಊರಿನ ಹೆಸರು ನಾನು ಬರೆಯುವುದಿಲ್ಲ. ಬರೆದರೆ ಮತ್ತೆ ಆ ಕಡೆ ಮುಖ ಹಾಕುವಂತಿಲ್ಲ.

ಒಂಬತ್ತಕ್ಕೆ ಬರುತ್ತೇವೆಂದು ಹೇಳಿ ಕಳಿಸಿದ್ದೆವು, ಮುಟ್ಟಿದಾಗ ಹನ್ನೊಂದೂವರೆ. ಹಲಗೆಯವರು ಬೆಳಗಿನಿಂದ ಬಾರಿಸಿ ಬಾರಿಸಿ ಸುಸ್ತಾಗಿ ಬೇವಿನ ನೆರಳಿನಲ್ಲಿ ಮಲಗಿದ್ದರು. ನಮ್ಮನ್ನು ಕಂಡು ಎದ್ದು, ಬಿಟ್ಟುಹೋದದ್ದನ್ನೆಲ್ಲ ಬಡ್ಡಿ ಸಮೇತ ಬಾರಿಸಿದರು. ಆಮೇಲೆ ಹಾರ. ಆಮೇಲೆ ಐದು ಸ್ವಾಗತ ಭಾಷಣ. ಒಂದೊಂದರಲ್ಲೂ "ಎರಡು ಮಾತು ಹೇಳಿ ಮುಗಸ್ತೀನಿ" ಎಂಬ ವಾಕ್ಯವಿತ್ತು, ಒಬ್ಬರೂ ಮುಗಿಸಲಿಲ್ಲ. ನನ್ನ ಗಂಟಲು ಒಣಗಿತು. ದುಭಾಷಿಗೆ ನೀರು ಬೇಕೆಂಬುದು ಯಾರ ಲಕ್ಷ್ಯಕ್ಕೂ ಬರಲಿಲ್ಲ. ಕೊನೆಗೆ ಒಬ್ಬ ಹೆಂಗಸು ಎದ್ದು ಬಂದು ತಂಬಿಗೆ ಮುಂದಿಟ್ಟಳು.

ಆಕೆಯೇ ರಾಹೇಲಬಾಯಿ. ಹಿಂದೆ ಆ ಊರಲ್ಲಿ ಸ್ಕಾಟ್ಲೆಂಡಿನಿಂದ ಬಂದ ಒಬ್ಬ ಮಿಶನರಿ ಮಿಸ್ಸಮ್ಮ ಇದ್ದಳಂತೆ, ಆಕೆಯ ಜೊತೆ ಹುಡುಗಿಯಾಗಿದ್ದಾಗಿನಿಂದ ಓಡಾಡಿದವಳು. ಮಿಸ್ಸಮ್ಮ ತೀರಿಕೊಂಡ ಮೇಲೆ ಆಕೆಯ ಕೆಲಸವನ್ನೆಲ್ಲ ಇವಳೇ ಮಾಡುತ್ತಿದ್ದಾಳೆ: ಹಾಸಿಗೆ ಹಿಡಿದವರ ಮನೆಗೆ ಹೋಗುವುದು, ಮೈ ಒರೆಸುವುದು, ಗಂಜಿ ಕುಡಿಸುವುದು, ಸಾಯುವವರ ಪಕ್ಕ ಕೂಡುವುದು. ಜಾತಿ ಕೇಳುವುದಿಲ್ಲ. ಗೌಡರ ತಾಯಿ ಸಾಯುವಾಗಲೂ ಈಕೆಯ ಕೈಯನ್ನೇ ಹಿಡಿದಿದ್ದಳೆಂದು ಆ ಸಭೆಯ ಹಿರಿಯ ಯೋಹಾನಪ್ಪ ಹೇಳಿದ. ನಾನು ಅದನ್ನು ಇಂಗ್ಲಿಷಿಗೆ ತಿರುಗಿಸಿದೆ. ಮಿಸ್ ಬ್ಲೇರ್ ಬರೆದುಕೊಂಡರು.

ಊಟಕ್ಕೆ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ. ಅತಿಥಿಗಳು ತಮ್ಮ ಬಿಸ್ಕೀಟು ತಿಂದರು. ಮಾಡಿದವರ ಮನಸ್ಸು ಮುರಿಯಬಾರದೆಂದು ಅವರ ಪಾಲಿನ ಹೋಳಿಗೆಯನ್ನೂ ನಾನೇ ತಿನ್ನಬೇಕಾಯಿತು. ಅದೊಂದನ್ನು ಮಾತ್ರ ದೂರುವುದಿಲ್ಲ. ಉಣ್ಣುತ್ತ ಯೋಹಾನಪ್ಪ ಕೇಳಿದ, "ನಿಮ್ಮ ಊರಾಗ ಸಭಾ ಹ್ಯಾಂಗ ನಡದೈತ್ರಿ?" ಗಿಲ್ಮೂರ್ ಸತ್ಯವಂತರು, ಮುಚ್ಚಿಡಲಿಲ್ಲ. ಗುಡಿ ದೊಡ್ಡದು, ಬರುವವರು ಕಡಿಮೆ. ಜಡ್ಡು ಬಿದ್ದವರು ವಾರಗಟ್ಟಲೆ ಒಬ್ಬರೇ ಮಲಗಿರುತ್ತಾರೆ, ಹೋಗಿ ಕೂಡಲು ಜನವಿಲ್ಲ ಎಂದರು. ನಾನು ಕನ್ನಡದಲ್ಲಿ ಹೇಳಿದೆ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಮಧ್ಯಾಹ್ನ ಒಪ್ಪಂದದ ಹಾಳೆ ಹೊರಬಂತು. ಅದರಲ್ಲಿ ಎರಡು ಭಾಗ. ಮೊದಲನೆಯದು, ಸ್ಕಾಟ್ಲೆಂಡಿನವರು ಕೊಡುವುದು: ಬಾವಿಗೊಂದು ಪಂಪು, ಸಾಲೆಗೆ ಮಾಳಿಗೆ. ಎರಡನೆಯದು, ಈ ಊರಿನವರು ಕೊಡುವುದು. ಅದನ್ನು ಅವರು ಅಲ್ಲಿಂದಲೇ ಟೈಪು ಮಾಡಿಸಿ ತಂದಿದ್ದರು: "ಪ್ರಾರ್ಥನೆ ಮತ್ತು ಪತ್ರಗಳು."

ನಾನು ಓದಿ ಹೇಳಿದೆ. ಯೋಹಾನಪ್ಪನಿಗೆ ಅದು ಸರಿಬೀಳಲಿಲ್ಲ.

"ಪ್ರಾರ್ಥನಾ ನಾವು ಹೆಂಗೂ ಮಾಡತೀವ್ರಿ. ಅದನ್ನೇನು ಕೊಡೂದು? ದೋಸ್ತಿ ಅಂದ ಮ್ಯಾಲ ನಮ್ಮ ಕಡೆಯಿಂದನೂ ಏನರ ಹೋಗಬೇಕು."

ಊರಿನ ಹಿರಿಯರು ಎದ್ದು ಮೂಲೆಗೆ ಹೋದರು. ಹೆಂಗಸರನ್ನೂ ಕರೆದರು. ಅರ್ಧ ತಾಸು ಗುಸುಗುಸು. ಜೀಪಿನವನು ಹಾರ್ನು ಒತ್ತತೊಡಗಿದ್ದ, ಬಿಸಿಲಿಗೆ ನನ್ನ ತಲೆ ಸಿಡಿಯುತ್ತಿತ್ತು. ಕೊನೆಗೆ ಯೋಹಾನಪ್ಪ ಮುಂದೆ ಬಂದು ಕೈಮುಗಿದು ನಿಂತ.

"ಹೇಳ್ರಿ ಮಾಸ್ತರ. ನಮ್ಮ ರಾಹೇಲಬಾಯಿನ್ನ ಕಳಸ್ತೀವಿ. ಒಂದು ವರ್ಷ ಅಲ್ಲೇ ಇರತಾಳ. ಜಡ್ಡಿನವರ ಮನಿಗೆ ಹೋಗತಾಳ, ಕುಂದ್ರತಾಳ. ಅವರ ಮಿಸ್ಸಮ್ಮ ನಮಗ ಬಂದಳು, ನಮ್ಮಾಕಿ ಅವರಿಗೆ ಹೋಗತಾಳ. ಹಾದಿ ಖರ್ಚು ನಾವ ಕೂಡಿಸ್ತೀವಿ. ಎರಡು ವರ್ಷ ಹಿಡೀಲಿ, ಮೂರ ಹಿಡೀಲಿ."

ರಾಹೇಲಬಾಯಿ ಅವನ ಹಿಂದೆ ಸೆರಗು ಹೊದ್ದು ನಿಂತಿದ್ದಳು. ಆಕೆ ಒಪ್ಪಿಯೇ ನಿಂತಿದ್ದಳು, ಅಷ್ಟೇ ಅಲ್ಲ, ಹೋಗಬೇಕೆಂದೇ ನಿಂತಿದ್ದಳು.

ಪ್ರಭಾಕರನಿಗೆ ಕನ್ನಡ ಬಾರದಿದ್ದರೂ ಇಷ್ಟು ತಿಳಿಯಿತು. ನನ್ನ ತೋಳು ಚಿವುಟಿ, "ಆತ್ತಾ ನಕೋ ರೇ" ಎಂದ, ಈಗ ಬೇಡವೋ ಎಂದು. ಸಮಿತಿ ಗಾಬರಿಯಾಗುತ್ತದೆ, ಪಂಪೂ ಹೋಗುತ್ತದೆ ಎಂದು ಮರಾಠಿಯಲ್ಲಿ ಪಿಸುಗುಟ್ಟಿದ. ಸುಳ್ಳು ಯಾಕೆ ಹೇಳಲಿ, ಪಂಪಿನ ಚಿಂತೆ ನನಗೆ ಇರಲಿಲ್ಲ. ಹೇಳಿದರೆ ಇನ್ನೆರಡು ತಾಸು ಚರ್ಚೆ, ಬಸ್ಸು ತಪ್ಪುವುದು, ಮತ್ತೆ ಸಾಲು. ಸಾಕಪ್ಪಾ ಸಾಕು ಅನ್ನಿಸಿತ್ತು. "ಈ ಗೆಳೆತನಕ್ಕೆ ತಮ್ಮ ಕೈಲಾದದ್ದನ್ನೆಲ್ಲ ಕೊಡುತ್ತೇವೆ ಎನ್ನುತ್ತಿದ್ದಾರೆ" ಎಂದು ಇಂಗ್ಲಿಷಿನಲ್ಲಿ ಹೇಳಿಬಿಟ್ಟೆ. ಇಬ್ಬರೂ ಅತಿಥಿಗಳು ನಕ್ಕು ಚಪ್ಪಾಳೆ ತಟ್ಟಿದರು. ಚಪ್ಪಾಳೆ ಕೇಳಿ ಊರಿನವರೂ ತಟ್ಟಿದರು. ಸಹಿ, ಹೆಬ್ಬೆಟ್ಟು ಎಲ್ಲ ಆಯಿತು.

ಜೀಪು ಹತ್ತುವಾಗ ರಾಹೇಲಬಾಯಿ ನನ್ನ ಪಕ್ಕಕ್ಕೆ ಬಂದಳು.

"ಮಾಸ್ತರ, ನನ್ನ ಹೆಸರು ಹೇಳಲಿಲ್ಲಲ್ರಿ ನೀವು."

"ಹೇಳಿದೆನಲ್ಲವಾ" ಎಂದೆ.

"ಇಂಗ್ರಜಿ ನನಗ ಬರೂದಿಲ್ಲರಿ. ಮಿಸ್ಸಮ್ಮ ನನಗ ರೇಚಲ್ ಅಂತಿದ್ದಳು. ಕಿವಿಗೊಟ್ಟು ಕೇಳಿದೆ. ರಾಹೇಲನೂ ಬರಲಿಲ್ಲ, ರೇಚಲ್ಲೂ ಬರಲಿಲ್ಲ."

ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟು ಮಾಡಿದ್ದರೆ ನಾನೂ ಎರಡು ಮಾತು ಆಡಿ ಹಗುರಾಗುತ್ತಿದ್ದೆ. ಜೀಪು ಹೊರಟಿತು. ಎರಡು ದಿನದಿಂದ ರೈಲಿನ ಮೇಲೆ, ಬಸ್ಸಿನ ಮೇಲೆ, ಭಾಷಣದ ಮೇಲೆ, ಸಮಿತಿಯ ಮೇಲೆ ಹರಿಸಿದ್ದ ಸಿಟ್ಟೆಲ್ಲ ಸೊಲ್ಲಾಪುರ ಮುಟ್ಟುವುದರೊಳಗೆ ನನ್ನ ಮೇಲೆಯೇ ಬಂದು ಕೂತಿತ್ತು. ಅತ್ತೆಯ ರೊಟ್ಟಿಯೂ ಆ ಸಂಜೆ ರುಚಿಸಲಿಲ್ಲ.

ಶುಕ್ರವಾರ ಬೆಳಿಗ್ಗೆ ಅತಿಥಿಗಳದು ಪುಣೆಯ ಗಾಡಿ, ನನ್ನದು ತಾಸಿನ ನಂತರ ಬಿಜಾಪುರದ್ದು. ಪ್ಲಾಟ್‌ಫಾರ್ಮಿನ ಮೇಲೆ ಅವರ ಕಿಟಕಿಗೆ ಹೋಗಿ, ನಿನ್ನೆ ನಾನು ತಪ್ಪು ಹೇಳಿದೆ ಎಂದೆ. ಯೋಹಾನಪ್ಪ ಹೇಳಿದ್ದನ್ನು ಒಂದೂ ಬಿಡದೆ ಇಂಗ್ಲಿಷಿನಲ್ಲಿ ಹೇಳಿದೆ. ಪ್ರಭಾಕರ ತಲೆಯ ಮೇಲೆ ಕೈಹೊತ್ತು ಪೇಪರಿನ ಅಂಗಡಿಯ ಕಡೆ ನಡೆದ.

ಗಿಲ್ಮೂರ್ ಮುಗುಳ್ನಕ್ಕರು. "ಎಂಥ ಮುದ್ದಾದ ವಿಚಾರ! ಆದರೆ ಆಕೆ ಅಲ್ಲಿ ಏನು ಮಾಡುತ್ತಾಳೆ? ಆಕೆಗೆ ನಮ್ಮ ಭಾಷೆ ಬಾರದು."

ನನಗೆ ಉರಿದುಹೋಯಿತು. "ನಿಮ್ಮ ಮಿಸ್ಸಮ್ಮ ಈ ಸ್ಟೇಷನ್ನಿನಲ್ಲಿ ಇಳಿದಾಗ ಆಕೆಗೆ ಯಾವ ಭಾಷೆ ಬರುತ್ತಿತ್ತು ಸಾಹೇಬರೇ? ಆಕೆಯನ್ನು ಯಾರೂ ಮುದ್ದಾದ ವಿಚಾರ ಅನ್ನಲಿಲ್ಲ. ಮನೆ ಕೊಟ್ಟರು, ಕನ್ನಡ ಕಲಿಸಿದರು, ಸತ್ತಾಗ ಮಣ್ಣು ಕೊಟ್ಟರು" ಎಂದೆ. ಹಮಾಲರು ಕೂಡ ತಿರುಗಿ ನೋಡುವಷ್ಟು ಜೋರಾಗಿತ್ತು ನನ್ನ ದನಿ.

ಗಿಲ್ಮೂರರ ನಗೆ ಇಳಿಯಿತು. ಅವರು ಮಿಸ್ ಬ್ಲೇರರ ಕಡೆ ನೋಡಿದರು. ಆಕೆ ಈ ಸಲ ಚರ್ಚೆ ಮಾಡಲಿಲ್ಲ. ಚೀಲದಿಂದ ಒಪ್ಪಂದದ ಹಾಳೆ ತೆಗೆದು ತೊಡೆಯ ಮೇಲೆ ಹರಡಿ, "ಪ್ರಾರ್ಥನೆ ಮತ್ತು ಪತ್ರಗಳು" ಎಂಬುದರ ಕೆಳಗೆ ಪೆನ್ನು ಊರಿ ನನ್ನನ್ನು ಕೇಳಿದರು.

"ಆಕೆಯ ಪೂರ್ತಿ ಹೆಸರು?"

ನನಗೆ ಗೊತ್ತಿರಲಿಲ್ಲ.

"ವಯಸ್ಸು? ಮನೆಯಲ್ಲಿ ಯಾರಿದ್ದಾರೆ?"

ಗೊತ್ತಿರಲಿಲ್ಲ. ಆಕೆಯ ಕೈಯ ನೀರು ಕುಡಿದಿದ್ದೆ, ಆಕೆಯ ವಿಷಯ ಇಂಗ್ಲಿಷಿಗೆ ತಿರುಗಿಸಿದ್ದೆ, ಆಕೆಯನ್ನು ಒಂದೇ ಒಂದು ಮಾತು ಕೇಳಿರಲಿಲ್ಲ. ಗಾಡಿ ಹೊರಟಿತು. "ತಿಳಿದುಕೊಂಡು ಬರೆಯಿರಿ, ಸಮಿತಿಗೆ ನಾನೇ ಹೇಳುತ್ತೇನೆ" ಎಂದು ಮಿಸ್ ಬ್ಲೇರ್ ಕಿಟಕಿಯಿಂದ ಕೂಗಿದರು.

ಬಿಜಾಪುರದ ಗಾಡಿಗೆ ಇನ್ನೂ ಹೊತ್ತಿತ್ತು. ನಾನು ಸ್ಟೇಷನ್ನಿನಿಂದ ಹೊರಬಿದ್ದು ಎಸ್‌ಟಿ ಸ್ಟ್ಯಾಂಡಿಗೆ ನಡೆದೆ. ಅಕ್ಕಲಕೋಟದಿಂದ ಮುಂದೆ ಜೀಪು ಸಿಗಲಿಲ್ಲ; ಸ್ವಲ್ಪ ದೂರ ಒಂದು ಟ್ರ್ಯಾಕ್ಟರ್, ಉಳಿದದ್ದು ಕಾಲ್ನಡಿಗೆ. ರಾಹೇಲಬಾಯಿಯ ಮನೆಗೆ ಚಿಲಕ ಹಾಕಿತ್ತು. ಪಕ್ಕದ ಮನೆಯ ಹೆಂಗಸು ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು.

"ಅಕ್ಕ ಬಡಗ್ಯಾರ ಮುದಕನ ಕಡೆ ಕೂತಾಳ್ರಿ. ಆತಗ ಇವತ್ತೋ ನಾಳೆಯೋ ಅನ್ನೂಹಂಗ ಆಗೈತಿ. ಯಾವಾಗ ಬರತಾಳೋ ಏನೋ. ಏನರ ಹೇಳೂದಿತ್ತೇನ್ರಿ?"

"ಹೌದವಾ, ಹೇಳೂದೈತಿ, ಕೇಳೂದೂ ಐತಿ" ಎಂದು ಚಪ್ಪಲಿ ಬಿಟ್ಟು ಕಟ್ಟೆಯ ಮೇಲೆ ಕೂತೆ. "ಬರೂತನಕಾ ಇಲ್ಲೇ ಇರತೀನಿ."