ಪೋಯ್ ಚೆಂಡೂ ಊದಿದ ಕಣ್ಣೂ

“ಹೆದರಬ್ಯಾಡ್ರಿ, ಖರೇ ಹೇಳ್ರಿ. ಯಾರು ಹೊಡದಾರ?”

ಜೇವರ್ಗಿ ಕಾಲೋನಿಯ ಡಾಕ್ಟರಮ್ಮ ನನ್ನ ಗಂಡನನ್ನು ಹೊರಗೆ ಕಳಿಸಿ, ಬಾಗಿಲು ಮುಚ್ಚಿ ಕೇಳಿದರು. ನನ್ನ ಎಡಗಣ್ಣು ಬದನೆಕಾಯಿಯಂತೆ ಊದಿತ್ತು.

“ನಾನೇ ಹೊಡ್ಕೊಂಡೀನ್ರಿ” ಎಂದೆ. ಅವರು ನಿಟ್ಟುಸಿರುಬಿಟ್ಟರು.

ಹಗ್ಗದ ತುದಿಗೆ ಚೆಂಡು ಕಟ್ಟಿ ಎರಡೂ ಕೈಯಲ್ಲಿ ತಿರುಗಿಸುವ ‘ಪೋಯ್’ ಆಟದಲ್ಲಿ ನಾನು ಮಹಾ ಪ್ರತಿಭಾವಂತೆ. ಸುಲಭದ ವರಸೆಗಳೆಲ್ಲ ನನಗೆ ಶೋಭಿಸುವುದಿಲ್ಲವೆಂದು, ಮೊಬೈಲಿನಲ್ಲಿ ವಿಡಿಯೋ ನೋಡಿಕೊಂಡು, ಸೀದಾ ಬೆನ್ನ ಹಿಂದೆ ತಿರುಗಿಸುವ ಕಠಿಣ ವರಸೆಗೇ ಕೈಹಾಕಿದ್ದೆ. ಇದನ್ನು ವಿವರಿಸಿದಷ್ಟೂ ಡಾಕ್ಟರಮ್ಮನ ಮುಖದಲ್ಲಿ ಕನಿಕರ ಹೆಚ್ಚಿತು. ಕೊನೆಗೆ ಸಾಕ್ಷಿಗೆಂದು ತಂದಿದ್ದ ಪೋಯ್‌ಗಳನ್ನು ಚೀಲದಿಂದ ತೆಗೆದು ತಿರುಗಿಸಿಯೇ ತೋರಿಸಿದೆ. ಎರಡನೇ ಸುತ್ತಿಗೇ ಚೆಂಡು ವಿಧೇಯವಾಗಿ ಬಂದು ಅದೇ ಕಣ್ಣಿಗೆ ಬಡಿಯಿತು.

ಇಬ್ಬರೂ ಜೋರಾಗಿ ನಕ್ಕೆವು. ಮುಲಾಮು ಹಚ್ಚುತ್ತ ಅವರು ಮೆಲ್ಲಗೆ ಅಂದರು: “ಹಿಂಗ ಕಣ್ಣು ಬಾತ್ಕೊಂಡು ಭಾಳ ಹೆಣ್ಮಕ್ಕಳು ಬರ್ತಾರ್ರಿ. ಎಲ್ಲಾರೂ ಬಾಗಲಾ ಬಡೀತು ಅಂತಾರ. ಖರೇ ಹೇಳಿದಾಕಿ ನೀವೊಬ್ರೇ.”

ನನ್ನ ನಗು ಅಲ್ಲೇ ನಿಂತಿತು. ನಾನು ಕಮಲಾಪುರದಲ್ಲಿ ಶಾಲಾ ಶಿಕ್ಷಕಿ. ಮುಖ ಬಾತುಕೊಂಡು ಶಾಲೆಗೆ ಬಂದು “ಬಾಗಲಾ ಬಡೀತ್ರಿ” ಎನ್ನುವ ಮಕ್ಕಳ ತಾಯಂದಿರಿಗೆ ಈಗ ಮೊದಲಿನಂತೆ “ನೋಡಿ ನಡೀಬೇಕವ್ವಾ” ಎಂದು ಬುದ್ಧಿ ಹೇಳುವುದಿಲ್ಲ. ಪಕ್ಕದಲ್ಲಿ ಕೂರಿಸಿಕೊಂಡು, ಅವರಾಗಿ ಮಾತಾಡುವವರೆಗೆ ಕಾಯುತ್ತೇನೆ.