ಲಕ್ಕಪ್ಪನ ಲಿವರ್

ನನ್ನಣ್ಣ ಲಕ್ಕಪ್ಪ ಕುಡಿಯುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ನಮ್ಮ ಕಡೆ ಒಬ್ಬನ ಲಿವರ್ ಹೋಗಿದೆ ಅಂದರೆ ಅದಕ್ಕೆ ಒಂದೇ ಅರ್ಥ. ಮುಂದೆ ಯಾರೂ ಏನೂ ಕೇಳುವುದಿಲ್ಲ.

ನಮ್ಮಪ್ಪ ಚಲುವಯ್ಯ ಕುಡಿದೇ ಸತ್ತವನು. ಅವನನ್ನು ಚರಂಡಿಯಿಂದ ಎತ್ತಿ ತರುವ ಕೆಲಸ ಅಣ್ಣನದಾಗಿತ್ತು. ಹಾಗಾಗಿ ಅಣ್ಣ ದೊಡ್ಡವನಾದ ಮೇಲೂ ಸಾರಾಯಿ ಅಂಗಡಿ ಬಂದರೆ ರಸ್ತೆಯ ಆ ಬದಿಗೆ ದಾಟಿಕೊಳ್ಳುತ್ತಿದ್ದ. ಯಸಳೂರಿನ ಹತ್ತಿರ ಎಸ್ಟೇಟೊಂದರಲ್ಲಿ ಅವನಿಗೆ ಮೆಣಸು ಕೊಯ್ಯುವ ಕೆಲಸ. ದಿನವಿಡೀ ಏಣಿಯ ಮೇಲೆ ನಿಂತು ಸಂಜೆಗೆ ಹೆಗಲು, ಮಂಡಿ ಹಿಡಿದುಕೊಳ್ಳುತ್ತಿದ್ದವು. ಕೂಲಿಯವರ ಲೈನ್ ಮನೆಗಳ ಗಂಡಸರು ಒಂದು ಪ್ಯಾಕೆಟ್ ಸಾರಾಯಿ ಕಚ್ಚಿ ಕುಡಿದು ನೋವು ಮರೆತರೆ, ಅಣ್ಣ ಸಂತೆ ದಿನ ಸೂಜಿ ಹಾಕಿಸಿಕೊಂಡು ಬರುತ್ತಿದ್ದ. ಸಂತೆಬೀದಿಯ ಹಿಂದಿನ ಕೋಣೆಯಲ್ಲಿ ಕಾಂಪೌಂಡರ್ ಒಬ್ಬ ಕೂರುತ್ತಿದ್ದ, ಡಾಕ್ಟ್ರು ಅಂತ ಕರೆಸಿಕೊಳ್ಳುತ್ತಿದ್ದ. ಬೆಂಚಿನ ಮೇಲೆ ಸಾಲಾಗಿ ಕೂತವರಿಗೆಲ್ಲ ಒಂದೇ ಸೂಜಿ. ನಡುವೆ ಬಿಸಿನೀರಲ್ಲಿ ಅದ್ದಿ ತೆಗೆದರೆ ಆಯಿತು. "ಕುಡ್ದು ಹಾಳಾಗೋದ್ಕಿಂತ ಸೂಜಿ ವಾಸಿ ಕಣಮ್ಮಿ" ಎಂದು ಅಣ್ಣ ನನಗೂ ಉಪದೇಶ ಮಾಡುತ್ತಿದ್ದ.

ತೊಂಬತ್ತೆಂಟರಲ್ಲಿ ಅತ್ತಿಗೆ ಸುಮಿತ್ರಮ್ಮನಿಗೆ ಮೊದಲು ಅನುಮಾನ ಬಂದದ್ದು ವಾಸನೆಯಿಂದ. ಅಣ್ಣನ ಬಾಯಿಂದ, ಪಲ್ಪರ್ ಯಂತ್ರದ ಹಿಂದೆ ರಾಶಿ ಬಿದ್ದು ಕೊಳೆಯುವ ಕಾಫಿ ಹಣ್ಣಿನ ಸಿಪ್ಪೆಯಂಥ ಸಿಹಿ ನಾತ. ಆಮೇಲೆ ಮಾತು ತೊದಲತೊಡಗಿತು. ಹಗಲೆಲ್ಲ ತೂಕಡಿಕೆ. ತಟ್ಟೆ ಹಿಡಿದರೆ ಕೈ ಅದುರುತ್ತಿತ್ತು. ಒಂದು ಸಂಜೆ ಪಕ್ಕದ ಮೀನಾಕ್ಷಮ್ಮನ ಮನೆಗೆ ತನ್ನದೇ ಮನೆಯೆಂಬಂತೆ ನುಗ್ಗಿ ಒಲೆ ಮುಂದೆ ಕೂತುಬಿಟ್ಟ. ಮೀನಾಕ್ಷಮ್ಮನ ಬಾಯಿ ಕೇಳಬೇಕೆ? "ಅಪ್ಪನ ಮಗ ಕಣ್ರೀ, ಇಷ್ಟು ದಿನ ಮುಚ್ಚಿಟ್ಟಿದ್ದ ಅಷ್ಟೇಯ" ಎಂದು ಲೈನಿಗೆಲ್ಲ ಸಾರಿದಳು.

ಅತ್ತಿಗೆ ಹುಡುಕಲು ಶುರು ಮಾಡಿದಳು. ಹಾಸಿಗೆ ಕೆಳಗೆ, ಸೌದೆ ಒಟ್ಟಿನ ಸಂದಿಯಲ್ಲಿ, ಮಳೆಕೋಟಿನ ಜೇಬಿನಲ್ಲಿ. ಒಂದು ಖಾಲಿ ಪ್ಯಾಕೆಟ್ಟೂ ಸಿಗಲಿಲ್ಲ. ಸಿಗದಷ್ಟೂ ಅವಳ ಅನುಮಾನ ಹೆಚ್ಚಿತು. ಇಷ್ಟು ಚೆನ್ನಾಗಿ ಬಚ್ಚಿಡುವವನು ಎಷ್ಟು ಪಳಗಿರಬೇಕು! ನನಗೋ ಅವಳ ಮೇಲೇ ಗುಮಾನಿ. ಅನ್ನಕ್ಕೆ ಮದ್ದು ಹಾಕಿದ್ದಾಳೆ, ಇಲ್ಲದಿದ್ದರೆ ಗಟ್ಟಿಮುಟ್ಟಾದ ಗಂಡಸು ಹೀಗಾಗುತ್ತಾನೆಯೇ ಅಂದುಕೊಂಡು ನಾನಿದ್ದ ಕುಂದೂರಿನಿಂದ ಬಸ್ಸು ಹತ್ತಿ ಜಗಳಕ್ಕೇ ಹೋದೆ.

ಹೋದಾಗ ಅತ್ತಿಗೆ ಮಂಜುನಾಥಸ್ವಾಮಿಯ ಪಟದ ಮುಂದೆ ಕರ್ಪೂರ ಹಚ್ಚಿಟ್ಟಿದ್ದಳು.

"ಕುಡಿದಿಲ್ಲ ಅಂತ ಕರ್ಪೂರ ಆರಿಸಿ ಆಣೆ ಮಾಡಿ."

ಅಣ್ಣ ಅವಳ ಮುಖವನ್ನೇ ನೋಡಿದ. "ಒಂದ್ ತೊಟ್ಟೂ ಮುಟ್ಟಿಲ್ಲ ಕಣೇ" ಎಂದು ಉರಿಯುವ ಕರ್ಪೂರದ ಮೇಲೆ ಅಂಗೈ ಒತ್ತಿಬಿಟ್ಟ. ನನಗೆ ಜಗಳದ ಮಾತೇ ಮರೆತುಹೋಯಿತು.

ಆಣೆಯಾದ ತಿಂಗಳೊಪ್ಪತ್ತಿಗೆ ಅವನ ಹೊಟ್ಟೆ ಊದಿಕೊಂಡಿತು. ಕೈಕಾಲು ಕಡ್ಡಿಯಾದವು, ಕಣ್ಣು ಅರಿಶಿನವಾಯಿತು. ಸುಳ್ಳಾಣೆ ಮಾಡಿದ್ದಕ್ಕೆ ಸ್ವಾಮಿ ಹೊಟ್ಟೆಗೇ ಕೊಟ್ಟ ಅಂದರು ಜನ. ಇವರ ಬಾಯಿಗೆ ಮಣ್ಣು ಹಾಕ! ಅತ್ತಿಗೆಯೂ ನಂಬಿದಳು. ಗಂಡನಿಗೆ ಊಟ ಬಡಿಸುವಾಗ ಮುಖ ಆ ಕಡೆ ತಿರುಗಿಸಿಕೊಳ್ಳುತ್ತಿದ್ದಳು. ಕಡೆಗೊಂದು ಬೆಳಿಗ್ಗೆ ಬಚ್ಚಲಲ್ಲಿ ರಕ್ತ ವಾಂತಿ ಮಾಡಿಕೊಂಡು ಬಿದ್ದ. ಅವನನ್ನು ನೋಡಿಕೊಳ್ಳಲು ಬಂದಿದ್ದ ನಾನೂ ಅತ್ತಿಗೆಯೂ ಎಸ್ಟೇಟಿನ ಜೀಪಿನಲ್ಲಿ ಹಾಸನದ ಆಸ್ಪತ್ರೆಗೆ ಸಾಗಿಸಿದೆವು.

ಅಲ್ಲಿನ ಡಾಕ್ಟರಮ್ಮ ಹೊಟ್ಟೆ ತಟ್ಟಿ ನೋಡಿದವರೇ ಕೇಳಿದ್ದು, "ಎಷ್ಟು ವರ್ಷದಿಂದ ಕುಡೀತಾರೆ?" ಓದಿದವರದೂ ಅದೇ ಪ್ರಶ್ನೆ! "ನಂಗೊತ್ತಿಲ್ಲ, ಕದ್ದು ಕುಡೀತಾರೆ" ಅಂದಳು ಅತ್ತಿಗೆ. ಮಂಚದ ಮೇಲಿದ್ದ ಅಣ್ಣ ಇಲ್ಲವೆಂದು ತಲೆಯಾಡಿಸಿದ. ಯಾರೂ ಅವನ ಕಡೆ ನೋಡಲಿಲ್ಲ.

ರಕ್ತ ಪರೀಕ್ಷೆಯ ವರದಿ ಬಂದ ಮೇಲೆ ಡಾಕ್ಟರಮ್ಮ ನಮ್ಮಿಬ್ಬರನ್ನೂ ಕರೆದು ಕೂರಿಸಿದರು. ಅಣ್ಣನ ರಕ್ತದಲ್ಲಿ ಹೆಪಟೈಟಿಸ್ ಬಿ ಎಂಬ ವೈರಸ್ ಇತ್ತು. ಸೂಜಿಯ ಸಂಗತಿ ನಾನು ಹೇಳಿದೆ. ಬಹುಶಃ ಅದರಿಂದಲೇ ಬಂದಿದೆ ಅಂದರು. "ವರ್ಷಗಟ್ಟಲೆ ಒಳಗೇ ಕೂತು ಲಿವರನ್ನ ಗಟ್ಟಿ ಮಾಡಿಬಿಟ್ಟಿದೆ. ಅದಕ್ಕೇ ಹೊಟ್ಟೇಲಿ ನೀರು, ಅದಕ್ಕೇ ರಕ್ತ ವಾಂತಿ. ಲಿವರ್ ತೆಗೀಬೇಕಾದ ವಿಷ ತಲೆಗೆ ಹೋಗುತ್ತೆ. ಮಾತು ತೊದಲುತ್ತೆ, ಕೈ ಅದುರುತ್ತೆ, ಬಾಯಿ ವಾಸನೆ ಬರುತ್ತೆ. ನೋಡಿದವರು ಕುಡಿದಿದ್ದಾರೆ ಅಂದ್ಕೊಳ್ತಾರೆ."

ಅತ್ತಿಗೆ ಸೆರಗನ್ನು ಬಾಯಿಗೆ ತುರುಕಿಕೊಂಡು ಎದ್ದಳು.

ಅವಳು ವಾರ್ಡಿಗೆ ಓಡಿ ಬಂದು ಅವನ ಕೈ ಹಿಡಿದಾಗ ಅಣ್ಣನ ತಲೆ ನೆಟ್ಟಗಿರಲಿಲ್ಲ. ನನ್ನನ್ನು ಅವ್ವ ಎಂದು ಕರೆದ. ಆಮೇಲೆ, "ಸುಮಿತ್ರಾ, ನಾನು ಕುಡೀತಿದ್ನೇನೇ?" ಎಂದ. "ಎಲ್ರೂ ಹಂಗೇ ಅಂತಾರೆ. ಕುಡಿದು ಮರ್ತುಬುಟ್ಟಿದೀನೋ ಏನೋ."

"ಇಲ್ಲ ಕಣ್ರೀ, ಒಂದ್ ತೊಟ್ಟೂ ಇಲ್ಲ" ಎಂದು ಅತ್ತಿಗೆ ಅವನ ಅಂಗೈಯ ಸುಟ್ಟ ಕಲೆಯನ್ನು ಅವನಿಗೇ ತೋರಿಸಿದಳು.

ಅಣ್ಣ ಆ ಕಲೆಯನ್ನೂ ನಂಬಲಿಲ್ಲ. "ಸಮಾಧಾನಕ್ಕೆ ಹೇಳ್ತಿದೀಯ ನೀನು" ಎಂದು ಗೋಡೆಯ ಕಡೆ ತಿರುಗಿಕೊಂಡ. ಮಾರನೆಯ ದಿನ ಹೋಗಿಬಿಟ್ಟ. ನನ್ನ ಹೊಟ್ಟೆ ಇವತ್ತಿಗೂ ಉರಿಯುವುದು ಅವನು ಸತ್ತದ್ದಕ್ಕಲ್ಲ, ತನ್ನ ಮೇಲೇ ಅನುಮಾನಪಟ್ಟುಕೊಂಡು ಸತ್ತನಲ್ಲ, ಅದಕ್ಕೆ.

ಹನ್ನೊಂದನೇ ದಿನ ತಿಥಿ ಮಾಡಿ ಎಡೆ ಇಟ್ಟೆವು. ಸತ್ತವನಿಗೆ ಇಷ್ಟವಾದದ್ದನ್ನೆಲ್ಲ ಬಾಳೆಲೆಯ ಮೇಲೆ ಇಡುವುದು ನಮ್ಮ ಪದ್ಧತಿ. ಅಕ್ಕಿರೊಟ್ಟಿ, ಕೋಳಿಸಾರು, ಎಲೆಅಡಿಕೆ ಇಟ್ಟಾಗಿತ್ತು. ಅಣ್ಣನ ಜೊತೆ ಮೆಣಸು ಕೊಯ್ಯುತ್ತಿದ್ದವನೊಬ್ಬ ಮುಂದೆ ಬಂದು, ಜೇಬಿನಿಂದ ಸಾರಾಯಿ ಪ್ಯಾಕೆಟ್ಟೊಂದನ್ನು ತೆಗೆದು ಎಡೆಯ ತುದಿಗೆ ಇಟ್ಟು ಕೈಮುಗಿದ. ಕೆಟ್ಟ ಮನಸ್ಸಿನವನಲ್ಲ, ಅವನ ಕಣ್ಣಲ್ಲಿ ನೀರಿತ್ತು.

ಅತ್ತಿಗೆ ಆ ಪ್ಯಾಕೆಟ್ಟನ್ನು ಕಿತ್ತು ಅಂಗಳಕ್ಕೆ ಬಿಸಾಡಿದಳು. "ನನ್ ಗಂಡ ಕುಡೀತಿರ್ಲಿಲ್ಲ! ಯಾರಾದ್ರೂ ಕರ್ಪೂರ ಹಚ್ಚಿ, ನಾನು ಆಣೆ ಮಾಡ್ತೀನಿ" ಎಂದು ಕೈ ಚಾಚಿ ನಿಂತಳು.

ಯಾರೂ ಹಚ್ಚಲಿಲ್ಲ. ನನ್ನ ಬೆನ್ನ ಹಿಂದೆ ನಿಂತಿದ್ದ ಮೀನಾಕ್ಷಮ್ಮ ಲೊಚಗುಟ್ಟಿದಳು. "ಪಾಪ, ಸತ್ಮೇಲೂ ಗಂಡನ್ನ ಬಿಟ್ಕೊಡಾಕಿಲ್ಲ ನೋಡು."