ಡಿಸ್ಕಿನೊಳಗಿದ್ದ ಅವ್ವನ ದನಿ

ಮಗಳ ನಾಮಕರಣಕ್ಕೆ ಒಂದೇ ದಿನ ಉಳಿದಿತ್ತು. ಹಿರಿಯೂರಿನ ನಮ್ಮ ಮನೆಯಲ್ಲಿ, ನಾನು ತೆಗೆದ ಮದುವೆ ವಿಡಿಯೊಗಳನ್ನು ಕೂಡಿಡಲು ಇಟ್ಟುಕೊಂಡಿದ್ದ ಸರ್ವರ್ ಆನ್ ಆಗಲಿಲ್ಲ. ಫ್ಯಾನ್ ತಿರುಗಿತು, ಕೆಂಪು ದೀಪ ಮಿಣುಕಿತು, ಅಷ್ಟೇ. ವಿಡಿಯೊ ಹೋಗಿದ್ದರೆ ಮದುವೆಯವರಿಂದ ಬೈಸಿಕೊಂಡು ಸುಮ್ಮನಾಗಬಹುದಿತ್ತು. ನಾನು ಹೆದರಿದ್ದು ಅದರಲ್ಲಿ ಅವ್ವನ ದನಿ ಇದ್ದುದರಿಂದ.

ನಾಲ್ಕು ತಿಂಗಳ ಹಿಂದೆ ಗಂಟಲಿನ ಗಡ್ಡೆಗೆ ಆಪರೇಷನ್ ಮಾಡಿ ಅವಳ ಧ್ವನಿಪೆಟ್ಟಿಗೆಯನ್ನೇ ತೆಗೆದಿದ್ದರು. ನಮ್ಮ ಮನೆಯಲ್ಲಿ ತೊಟ್ಟಿಲ ಮಗುವನ್ನು ಮೂರು ಸಲ ಹೆಸರು ಹಿಡಿದು ಕರೆಯುವವಳು ಅಜ್ಜಿ. ಅದಕ್ಕೇ ಆಪರೇಷನ್ನಿನ ಹಿಂದಿನ ದಿನ, ಇನ್ನೂ ಹುಟ್ಟದ ಮಗುವಿಗೆ ಒಂದು ಗಂಡು ಹೆಸರು, ಒಂದು ಹೆಣ್ಣು ಹೆಸರು ಅವಳಿಂದ ಕರೆಸಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡೆ. ಸರ್ವರಿಗೆ ಹಾಕಿದ ಮೇಲೆ ಮೊಬೈಲಿನಿಂದ ಅಳಿಸಿಬಿಟ್ಟೆ. ಒಂದರದ್ದೇ ನಕಲು ಇನ್ನೊಂದರಲ್ಲಿರುವ ಸರ್ವರಿನ ಎರಡು ಡಿಸ್ಕುಗಳಲ್ಲಿ ಒಂದು ಮೊದಲೇ ಕೆಟ್ಟು ಹೋಗಿತ್ತು. ಹೊಸದು ತರುವುದನ್ನು ಇವತ್ತು ನಾಳೆ ಎಂದು ತಳ್ಳುತ್ತ ಬಂದಿದ್ದೆ. ಊರವರಿಗೆಲ್ಲ "ಎರಡೆರಡು ಕಡೆ ಇಟ್ಕಳ್ರಿ" ಎಂದು ಬುದ್ಧಿ ಹೇಳುವ ದೊಡ್ಡ ಮನುಷ್ಯ ನಾನು.

ವೈರು ಬದಲಿಸಿದೆ. ಬೇರೆ ಪ್ಲಗ್ಗಿಗೆ ಹಾಕಿದೆ. ಟಿವಿಗೆ ಜೋಡಿಸಿದಾಗ, ಡಿಸ್ಕ್ ಸಿಗುತ್ತಿಲ್ಲ ಎಂಬ ಒಂದೇ ಸಾಲು ಬಂತು. ಚಿತ್ರದುರ್ಗದ ರಿಪೇರಿಯವರಿಗೆ ಫೋನ್ ಮಾಡಿದೆ.

"ಡಿಸ್ಕಿಗೆ ಕಿವಿ ಇಟ್ಟು ಕೇಳ್ರಿ. ಟಕ್ ಟಕ್ ಅಂತೈತಾ?"

"ಅಂದ್ರೆ ಏನಾಗಿರ್ತೈತೆ?"

"ಒಳಗೆ ಪೆಟ್ಟು ಬಿದ್ದೈತೆ ಅಂತ. ಆನ್ ಮಾಡಿದಷ್ಟೂ ಹಾಳಾಗ್ತೈತೆ. ಹಂಗೇನಾರ ಇದ್ರೆ ಮುಟ್ಟಬ್ಯಾಡ್ರಿ."

ನಾನು ಆಗಲೇ ಆರೇಳು ಸಲ ಆನ್ ಮಾಡಿದ್ದೆ.

ಕಿವಿ ಇಟ್ಟೆ. ಫ್ಯಾನಿನ ಸದ್ದಿನಲ್ಲಿ ಏನೂ ತಿಳಿಯಲಿಲ್ಲ. ಉಸಿರು ಹಿಡಿದು ಮತ್ತೆ ಕೇಳಿದೆ. ಟಕ್ ಟಕ್ ಇರಲಿಲ್ಲ, ತಿರುಗುವ ಸದ್ದೂ ಇರಲಿಲ್ಲ. ಯಾವುದು ಹೆಚ್ಚು ಕೆಟ್ಟದ್ದು ಎಂದು ಗೊತ್ತಾಗಲಿಲ್ಲ. ಅಡುಗೆಮನೆ ಬಾಗಿಲಲ್ಲಿ ಕಡಲೆಕಾಯಿ ಸುಲಿಯುತ್ತಿದ್ದ ಅವ್ವ ಗದ್ದ ಎತ್ತಿ ಏನೆಂದು ಕೇಳಿದಳು.

"ಏನಿಲ್ಲವ್ವ, ಧೂಳು ಹೊಡಿತಾ ಇದೀನಿ" ಅಂದೆ.

ಡಿಸ್ಕನ್ನು ಹೊರಗೆಳೆದೆ. ಅದರ ಮೈಮೇಲೆ ಮೂರು ಪಟ್ಟೆ ವಿಭೂತಿ, ನಡುವೆ ಕುಂಕುಮ. ಹಿಂದಿನ ವಾರ ಆಯುಧ ಪೂಜೆಯಲ್ಲಿ ಕ್ಯಾಮೆರಾ, ಬೈಕು, ಈಳಿಗೆಮಣೆ ಎಲ್ಲಕ್ಕೂ ಹಚ್ಚಿದ ಮೇಲೆ ಅವ್ವ ಸ್ಲೇಟಿನಲ್ಲಿ ಬರೆದು ತೋರಿಸಿದ್ದಳು: "ನನ್ನ ದನಿ ಇರೋದ್ಕೂ ಹಚ್ಚಬೇಕು." ಹೊರಗಿನ ಡಬ್ಬಕ್ಕೆ ಹಚ್ಚಿದರೆ ಒಪ್ಪಲಿಲ್ಲ. ಒಳಗಿನದನ್ನೇ ತೆಗೆಸಿ, ನೀರಲ್ಲಿ ಕಲಸಿದ ಕುಂಕುಮವನ್ನು ತಾನೇ ಇಟ್ಟಳು. ಅಂದು ಆರಿಸಿದ್ದನ್ನು ನಾನು ಮತ್ತೆ ಆನ್ ಮಾಡಿದ್ದು ಇವತ್ತೇ. ಬೆಳಕಿಗೆ ಹಿಡಿದು ನೋಡಿದರೆ, ಡಿಸ್ಕಿಗೆ ಕರೆಂಟು ಹೋಗುವ ಸಣ್ಣ ಲೋಹದ ಗೆರೆಗಳ ಮೇಲೆ ಕೆಂಪು ನೀರು ಇಳಿದು ಒಣಗಿತ್ತು.

ಅವಳನ್ನು ಅನ್ನುವಂತಿರಲಿಲ್ಲ. ಎಲ್ಲ ಗೊತ್ತಿದ್ದ ನಾನೇ ಬಿಚ್ಚಿ ಅವಳ ಕೈಗೆ ಕೊಟ್ಟಿದ್ದೆ. ಉಳಿದಿದ್ದ ದನಿಯನ್ನೂ ತಾನೇ ಕಳೆದೆ ಎಂದು ಅವಳಿಗೆ ಅನ್ನಿಸಿಬಿಟ್ಟರೆ ಎಂಬುದು ಡಿಸ್ಕು ಹೋಗುವುದಕ್ಕಿಂತ ದೊಡ್ಡ ಹೆದರಿಕೆಯಾಯಿತು.

ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿದೆ, ಒಣಗಿದ ಮೇಲೆ ಪೆನ್ಸಿಲ್ ಅಳಿಸುವ ರಬ್ಬರಿನಿಂದ ಮೆಲ್ಲಗೆ ಉಜ್ಜಿದೆ. ಕೆಂಪಾದ ಹತ್ತಿಯನ್ನು ಜೇಬಿಗೆ ತುರುಕಿದೆ. ಡಿಸ್ಕು ಕೂರಿಸಿ ಬಟನ್ ಒತ್ತಿದೆ. ಗುಂಯ್ ಎಂದು ತಿರುಗತೊಡಗಿತು. ದೀಪ ಹಸಿರಾಗುವವರೆಗೂ ನಾನು ಅದರಿಂದ ಕಣ್ಣು ಕೀಳಲಿಲ್ಲ. ಮೊದಲು ಲ್ಯಾಪ್‌ಟಾಪಿಗೆ, ನನ್ನ ಮೊಬೈಲಿಗೆ, ಹೆಂಡತಿಯ ಮೊಬೈಲಿಗೆ ನಕಲು ಮಾಡಿದೆ. ಆಮೇಲೆ ಅವ್ವನ ದನಿ ಹಾಕಿದೆ.

ತನ್ನ ತವರೂರು ಹರಿಯಬ್ಬೆಯ ಕೆರೆ ಏರಿ ಮೇಲೆ ನಿಂತು ಕುರಿಗಳನ್ನು ಕೂಗುವ ಹಾಗೆ, ಮೂರು ಸಲ, ಮಗಳ ಹೆಸರು. ತಿರುಗಿ ನೋಡಿದರೆ ಅವ್ವ ಹಿಂದೆಯೇ ನಿಂತಿದ್ದಳು. ಆಪರೇಷನ್ ಆದ ಮೇಲೆ ಅದನ್ನು ಅವಳು ಕೇಳಿರಲೇ ಇಲ್ಲ. ಸ್ಲೇಟು ತೆಗೆದುಕೊಂಡು ಬರೆದಳು: "ಇಷ್ಟು ಜೋರಿತ್ತಾ?"

ನೆಂಟರು ಬಂದಾಗಲೆಲ್ಲ ಮೆಲ್ಲಗೆ ಮಾತಾಡು ಎಂದು ಅವಳನ್ನು ಗದರುತ್ತಿದ್ದವನು ನಾನು. "ಹೂಂ ಕಣವ್ವ" ಅಂದೆ. ಇನ್ನೊಂದು ಸಲ ಹಾಕು ಎಂದು ಅವಳು ಬೆರಳು ತೋರಿಸಿದಳು.